ಹಸಿರು ಅರಗು

ಸಾದಿಕ್, ನಿನ್ನ ಎಡಗಾಲು ಮುರಿದವನು ನಾನು ಎಂಬುದು ಎಲ್ಲರಿಗೂ ಗೊತ್ತು. ಬೇಕೆಂದೇ ಮುರಿದೆ ಎಂಬುದು ನನಗೊಬ್ಬನಿಗೆ ಗೊತ್ತು. ಎಲ್ಲಿ ಹೊಡೆದರೆ ಮುರಿಯುತ್ತದೆ ಎಂದು ತಿಳಿದೇ ಹೊಡೆದೆ. ತಿಳಿದಿತ್ತು, ಏಕೆಂದರೆ ಆ ಜಾಗವನ್ನು ಹಿಂದಿನ ದಿನ ನನ್ನ ಕೈಯಿಂದಲೇ ಮುಚ್ಚಿದ್ದೆ.

ಇಷ್ಟು ಬರೆಯಲು ಹದಿನೇಳು ವರ್ಷ ಹಿಡಿಯಿತು. ಬರೆದ ಮೇಲೆ ನೋಡಿದರೆ ನಾಲ್ಕು ಸಾಲು.

ಮುಂದಿನದನ್ನು ನಡೆದ ಕ್ರಮದಲ್ಲೇ ಹೇಳಲು ನೋಡುತ್ತೇನೆ, ಆದರೆ ನನ್ನ ನೆನಪು ಕೊಡುವ ಕ್ರಮವನ್ನು ನೀನು ನಂಬಬೇಡ. ನಾನೂ ನಂಬುವುದಿಲ್ಲ. ನನ್ನ ನೆನಪಿನಲ್ಲಿ ಆ ಬೆಳಿಗ್ಗೆ ರಾಮನಗರದ ಮೈದಾನ ಕೆಸರಾಗಿತ್ತು. ಎಷ್ಟೋ ವರ್ಷ ಆ ಕೆಸರನ್ನು ಸಾಕಿದೆ — ಕೆಸರಿದ್ದರೆ ಕಾಲು ಜಾರಬಹುದಲ್ಲ, ಜಾರಿದ್ದು ಯಾರ ತಪ್ಪೂ ಅಲ್ಲವಲ್ಲ. ಕಳೆದ ತಿಂಗಳು ನಮ್ಮ ಹಳೆಯ ಹುಡುಗರ ವಾಟ್ಸಾಪ್ ಗ್ರೂಪಿಗೆ ಆ ದಿನದ ವಿಡಿಯೋ ಬಂತು. ನೀನೂ ನೋಡಿದೆ. ಅದರಲ್ಲಿ ಕೆಸರಿಲ್ಲ. ಧೂಳು. ನಲವತ್ತು ಸೆಕೆಂಡಿನುದ್ದಕ್ಕೂ ಬರೀ ಧೂಳು.

ಮೊದಲು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನಮ್ಮಿಬ್ಬರ ನೆನಪು ಎಲ್ಲಿ ಬೇರೆಯಾಗುತ್ತದೆ ಎಂದು ನೀನು ಬೆರಳಿಟ್ಟು ತೋರಿಸುವಂತಿರಬೇಕು.

ಪಿಯುಸಿ ಫೇಲಾದ ವರ್ಷ ನಾನು ಸಾತನೂರಿನಿಂದ ಚನ್ನಪಟ್ಟಣಕ್ಕೆ ಬಂದೆ. ಊರಿನಲ್ಲಿದ್ದರೆ ಅಪ್ಪನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹಸುಗಳಿಗೆ ಹುಲ್ಲು ಹಾಕುವುದು, ಇಷ್ಟೇ. ನಿನ್ನ ಅಬ್ಬಾ ಗಫಾರ್ ಚಾಚಾ ನನ್ನನ್ನು ಬೊಂಬೆ ಕೆಲಸಕ್ಕೆ, ಮರ ತಿರುಗಿಸಿ ಕಡೆಯುವ ಲೇತಿನ ಮುಂದೆ ಕೂರಿಸಿದರು. ಅಂಗಡಿಯ ಅಟ್ಟದ ಮೇಲೆ ಮಲಗಲು ಜಾಗ, ಮಧ್ಯಾಹ್ನ ನಿಮ್ಮಮ್ಮನ ಕೈಯೂಟ. ಬೆಳಿಗ್ಗೆ ಐದೂವರೆಗೆ ನೀನು ಕಲ್ಲೆಸೆದು ಎಬ್ಬಿಸುತ್ತಿದ್ದೆ. ಇಬ್ಬರೂ ಫುಟ್‌ಬಾಲ್ ಮೈದಾನಕ್ಕೆ ಓಡುತ್ತಿದ್ದೆವು. ನಿನ್ನದು ಆಟ. ನನ್ನದು ಓಟ ಮತ್ತು ಒದೆತ.

ಚಾಚಾನ ಅಂಗಡಿಯಲ್ಲಿ ಒಂದೇ ಕಟ್ಟುನಿಟ್ಟು. ಆಲೆಮರದ ತುಂಡು ಲೇತಿನಲ್ಲಿ ತಿರುಗಿ, ಉಳಿಯ ಬಾಯಿಗೆ ಸಿಕ್ಕಿ, ಬಣ್ಣದ ಅರಗು ಹಿಡಿದು, ತಾಳೆಗರಿಯಿಂದ ಉಜ್ಜಿಸಿಕೊಂಡು ಹೊಳೆದು ಹೊರಬಂದ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಿದ್ದರು. ಗಟ್ಟಿ ಮರಕ್ಕೆ ಒಂದು ದನಿ, ಬಿರುಕಿದ್ದರೆ ಇನ್ನೊಂದು. ಬಿರುಕಿದ್ದದ್ದು ಕಲ್ಲಿನ ಮೇಲೆ ಒಡೆದು ಒಲೆಗೆ. ಬೇರೆ ಕಡೆ ಬಿರುಕಿಗೆ ಅದೇ ಬಣ್ಣದ ಅರಗನ್ನು ಕಾಯಿಸಿ ತುಂಬಿ, ಉಜ್ಜಿ, ಮಾರಿಬಿಡುವವರಿದ್ದರು. ಕಣ್ಣಿಗೆ ಏನೂ ಕಾಣುವುದಿಲ್ಲ. ನಾನೂ ಒಮ್ಮೆ ಹಾಗೆ ಮಾಡಿದೆ, ಮಗುವಿನ ಗಿಲಕಿಯೊಂದಕ್ಕೆ. ಚಾಚಾ ತಟ್ಟಿ ನೋಡಿದರು. ಆ ದಿನ ನಾನು ಮಾಡಿದ್ದ ಅಷ್ಟನ್ನೂ, ಒಳ್ಳೆಯದು ಕೆಟ್ಟದ್ದು ಎಂದು ಆರಿಸದೆ, ಸುತ್ತಿಗೆಯಿಂದ ಒಡೆದರು. ಆಮೇಲೆ ಕೆನ್ನೆಗೆ ಬಾರಿಸಿದರು. ಕಿವಿ ಸಂಜೆಯವರೆಗೂ ಗುಂಯ್‌ಗುಡುತ್ತಿತ್ತು. ನೀನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ನಗುತ್ತಿದ್ದೆಯೋ ಇಲ್ಲವೋ — ನಗುತ್ತಿದ್ದೆ ಎಂದೇ ಇಟ್ಟುಕೊಂಡಿದ್ದೇನೆ. ಅದು ನನಗೆ ಉಪಯೋಗಕ್ಕೆ ಬಂತು.

ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಕೊಳ್ಳಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಚಾಚಾ ಆಲೆಮರವನ್ನು ಪೊಳ್ಳು ಕೊಳವೆಯಂತೆ ಕಡೆದು, ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದರು. ಒಳಗೆ ಬಟ್ಟೆ ಅಂಟಿಸಿ, ಹೊರಗೆ ಹಸಿರು ಅರಗು ಹಿಡಿಸಿ, ಎರಡು ಬೆಲ್ಟ್ ಹೊಡೆದು ನಿನ್ನ ಕಾಲುಗಳಿಗೆ ಕಟ್ಟಿದರು. ಕನಕಪುರದ ಹುಡುಗರು ನಿನ್ನನ್ನು ಬೊಂಬೆಕಾಲ ಎಂದು ರೇಗಿಸುತ್ತಿದ್ದರು. ಆಮೇಲೆ ನೀನು ಅವರ ನಾಲ್ವರನ್ನು ದಾಟಿ ಗೋಲಿಗೆ ಹೊಡೆದ ಮೇಲೆ ಬಾಯಿ ಮುಚ್ಚುತ್ತಿದ್ದರು.

ಬೆಂಗಳೂರಿನ ಬಿ ಡಿವಿಷನ್ ಕ್ಲಬ್ಬೊಂದರ ಕೋಚ್ ಭಾನುವಾರ ರಾಮನಗರಕ್ಕೆ ಬಂದು ಹುಡುಗರನ್ನು ನೋಡುತ್ತಾರೆ ಎಂದು ಸುದ್ದಿಯಾಯಿತು. ಅವರಿಗೆ ಬೇಕಾಗಿದ್ದದ್ದು ಒಬ್ಬ ಮಿಡ್‌ಫೀಲ್ಡರ್. ಒಬ್ಬನೇ. ನಾವಿಬ್ಬರೂ ಆಡುತ್ತಿದ್ದದ್ದು ಆ ಜಾಗದಲ್ಲೇ. ಆಯ್ಕೆಯಾದವನಿಗೆ ಕ್ಲಬ್ ನಡೆಸುವ ಫ್ಯಾಕ್ಟರಿಯಲ್ಲಿ ಕೆಲಸ.

ಶನಿವಾರ ಮಧ್ಯಾಹ್ನ ನೀನು ಎಡಗಾಲಿನ ಗಾರ್ಡ್ ತಂದು ನನ್ನ ತೊಡೆಯ ಮೇಲೆ ಎಸೆದೆ.

"ಲೇ ಕುಮಾರ, ಇದ್ರ ಬೆಲ್ಟು ಒಸಿ ಸಡ್ಲ ಆಗೈತೆ ಕಣ್ಲಾ. ಬಿಗಿ ಮಾಡ್ಕೊಟ್ಬುಡು. ನಾಳೀಕೆ ನಿನ್ ಒದೆ ತಡ್ಕೊಬೇಕಲ್ಲ."

ಇಬ್ಬರೂ ನಕ್ಕೆವು. ನೀನು ಊಟಕ್ಕೆ ಹೋದೆ. ಚಾಚಾ ನಮಾಜಿಗೆ ಹೋಗಿದ್ದರು. ನಾನು ಬೆಲ್ಟಿನ ಮೊಳೆ ತೆಗೆದಾಗ ಒಳಗಿನ ಬಟ್ಟೆ ಒಂದು ಬದಿ ಎದ್ದುಬಂತು. ಅದರಡಿಯಲ್ಲಿ ಬಿರುಕು ಕಂಡಿತು. ಮಧ್ಯದಿಂದ ಸ್ವಲ್ಪ ಕೆಳಗೆ, ಅಡ್ಡಡ್ಡ, ನಾಲ್ಕು ಬೆರಳುದ್ದ, ಕೂದಲಿನಷ್ಟು ತೆಳ್ಳಗೆ. ಹೊರಬದಿಗೂ ಬಂದಿತ್ತು. ತಟ್ಟಿ ನೋಡಿದೆ. ಸತ್ತ ದನಿ.

ಚಾಚಾ ಬಂದ ಮೇಲೆ ತೋರಿಸಿದ್ದರೆ ಅದನ್ನು ಕಲ್ಲಿನ ಮೇಲೆ ಒಡೆದು, ಸಂಜೆಯೊಳಗೆ ಹೊಸದು ಕಡೆದುಕೊಡುತ್ತಿದ್ದರು. ಒಂದು ಗಂಟೆಯ ಕೆಲಸ. ನಾನು ಹಸಿರು ಅರಗಿನ ಕಡ್ಡಿ ತೆಗೆದು ಒಲೆಯಲ್ಲಿ ಕಾಯಿಸಿದೆ. ಬಿರುಕಿನೊಳಗೆ ಒತ್ತಿದೆ. ತಾಳೆಗರಿಯಿಂದ ಉಜ್ಜಿದೆ. ಬಟ್ಟೆ ಮತ್ತೆ ಅಂಟಿಸಿದೆ. ಅಷ್ಟು ಚೊಕ್ಕವಾದ ಕೆಲಸ ನಾನು ಆ ಅಂಗಡಿಯಲ್ಲಿ ಇನ್ನೊಂದು ಮಾಡಿಲ್ಲ.

ಏಕೆ ಮಾಡಿದೆ? ಇಲ್ಲಿ ನನ್ನ ಹತ್ತಿರ ಎರಡು ಉತ್ತರಗಳಿವೆ.

ಒಂದು ಉತ್ತರ ಹೀಗೆ: ಕೆಟ್ಟ ಯೋಚನೆಯೇನೂ ಇರಲಿಲ್ಲ, ಬೆಲ್ಟಿನ ಮೊಳೆ ಕೀಳುವಾಗ ನಾನೇ ಒಡೆದೆ ಎನ್ನುತ್ತಾರೆಂದು, ಇನ್ನೊಂದು ಏಟು ಬೀಳುತ್ತದೆಂದು ಹೆದರಿದೆ. ಇರುವುದು ಒಂದೇ ಜಾಗ ಎಂಬುದು ನನಗೆ ತಿಳಿದದ್ದು ಮರುದಿನ, ಕೋಚ್ ಮೈದಾನದಲ್ಲಿ ಹೇಳಿದಾಗ. ಇದನ್ನು ಹದಿನೇಳು ವರ್ಷ ನನಗೆ ನಾನೇ ಹೇಳಿಕೊಂಡೆ. ಕೋಚ್‌ನ ದನಿ ಕೂಡ ಕೇಳಿಸುತ್ತದೆ, ಅವರ ಕೊರಳಿನ ಸೀಟಿ ಕಾಣಿಸುತ್ತದೆ. ಆದರೆ ವಿಡಿಯೋದ ಕೆಳಗೆ ನಮ್ಮ ಗೋಲ್‌ಕೀಪರ್ ಬರೆದದ್ದನ್ನು ನೀನೂ ಓದಿದೆ. ಒಂದೇ ಜಾಗ ಎಂದು ಶುಕ್ರವಾರವೇ ಟೀ ಅಂಗಡಿಯಲ್ಲಿ ಸುದ್ದಿ ಬಂದಿತ್ತು, ಕುಮಾರ ಸಾದಿಕ್ ಇಬ್ಬರೂ ಕೈ ಕುಲುಕಿದರು, ಎಂಥ ದೋಸ್ತಿ ಅದು, ಎಂದು. ಶುಕ್ರವಾರ. ಹಾಗಾದರೆ ಶನಿವಾರ ಅರಗು ಕಾಯಿಸುವಾಗ ನನಗೆ ಗೊತ್ತಿತ್ತು. ಕೋಚ್‌ನ ಆ ದನಿಯನ್ನು, ಆ ಸೀಟಿಯನ್ನು ನಾನು ಯಾವಾಗ ಮಾಡಿಟ್ಟುಕೊಂಡೆನೋ.

ಆದ್ದರಿಂದ ಎರಡನೆಯ ಉತ್ತರವೇ ಉಳಿಯುತ್ತದೆ. ಅದನ್ನು ಬಿಡಿಸಿ ಬರೆಯಬೇಕೇ — ಬರೆಯಬೇಕು. ನಿನ್ನ ಕಾಲು ಆ ಜಾಗದಲ್ಲಿ ಬರಿದಾಗಿರಲಿ ಎಂದು ಬಯಸಿದೆ. ಹಾಗಿರುವುದು ನನಗೊಬ್ಬನಿಗೇ ತಿಳಿದಿರಲಿ ಎಂದು ಬಯಸಿದೆ.

ಭಾನುವಾರ ನಮ್ಮನ್ನು ಎದುರುಬದುರು ತಂಡಗಳಲ್ಲಿ ಹಾಕಿದರು. ರೆಫ್ರಿ ಎಲ್ಲರ ಬೂಟು, ಗಾರ್ಡ್ ನೋಡಿದರು. ನಿನ್ನದನ್ನು ಕೈಯಲ್ಲಿ ಹಿಡಿದು, ಬೊಂಬೆಯಂಗಡಿಯದಾ ಎಂದು ನಕ್ಕು ವಾಪಸ್ಸು ಕೊಟ್ಟರು. ಅವರು ಉಗುರಿನಿಂದ ತಟ್ಟಲಿಲ್ಲ. ಮೊದಲ ಇಪ್ಪತ್ತು ನಿಮಿಷ ನೀನು ನನ್ನನ್ನು ಬೊಂಬೆಯ ಹಾಗೆ ಆಡಿಸಿದೆ. ಒಂದು ಸಲ ನನ್ನ ಕಾಲುಗಳ ನಡುವೆ ಚೆಂಡು ತೂರಿಸಿ ಆ ಕಡೆ ಹೋಗಿ ಹಿಡಿದೆ. ಅಂಚಿನಲ್ಲಿ ನಿಂತವರು ಹೋ ಎಂದು ಕೂಗಿದರು. ಕೋಚ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಬಾಯೊಳಗೆ ಕಬ್ಬಿಣದ ರುಚಿ ಬಂತು, ನಾಲಗೆ ಕಚ್ಚಿಕೊಂಡಿದ್ದೆ.

ಆಮೇಲೆ ನಾನು ಕಾದೆ. ಕಾದೆ ಎಂಬ ಮಾತನ್ನು ಗಮನಿಸು. ಓಡುತ್ತ ಬಂದು ಡಿಕ್ಕಿ ಹೊಡೆದದ್ದಲ್ಲ. ನೀನು ಎಡಗಾಲು ಊರಿ ಬಲಗಾಲಿನಿಂದ ಪಾಸ್ ಕೊಡುವ ಗಳಿಗೆ ಯಾವುದೆಂದು ಎರಡು ವರ್ಷ ಜೊತೆಗೆ ಆಡಿದವನಿಗೆ ಗೊತ್ತಿರುತ್ತದೆ. ನೀನು ಊರಿದೆ. ನಾನು ನೆಲ ಬಿಟ್ಟು ಹಾರಿ, ಎರಡೂ ಕಾಲು ಮುಂದೆ ಮಾಡಿ, ಬೂಟಿನ ಅಡಿಯನ್ನು ಆ ನಾಲ್ಕು ಬೆರಳಿನ ಜಾಗಕ್ಕೆ ಹಾಕಿದೆ.

ಮೊದಲು ಮರ ಒಡೆಯಿತು, ಆಮೇಲೆ ಮೂಳೆ. ಎರಡು ಸದ್ದು. ಬೇರೆ ಯಾರಿಗೂ ಎರಡು ಕೇಳಿಸಲಿಲ್ಲ. ನಿನ್ನ ಪಾದ ಬೇರೆ ಕಡೆ ನೋಡುತ್ತಿತ್ತು. ಕಾಲುಚೀಲ ಹರಿದು ಬಿಳಿಯದೊಂದು ಹೊರಗೆ ಬಂದಿತ್ತು. ಅದರ ಪಕ್ಕದಲ್ಲಿ, ಮಾಂಸದೊಳಗೆ, ಹಸಿರು ಚೂರುಗಳು ನಾಟಿಕೊಂಡಿದ್ದವು. ರಕ್ತ ಧೂಳಿನಲ್ಲಿ ಹರಿಯಲಿಲ್ಲ, ಅಲ್ಲಲ್ಲೇ ಉಂಡೆಗಟ್ಟಿತು. ನೀನು ಅರಚಲಿಲ್ಲ. ನನ್ನ ಬನಿಯನ್ ಹಿಡಿದು ಎಳೆದೆ, ಏನೋ ಹೇಳಲು ನೋಡಿದೆ, ವಾಂತಿ ಮಾಡಿಕೊಂಡೆ. ನಾನು ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದೆ. ಅಳು ನಿಜವಾದದ್ದೇ. ಅದು ಏನನ್ನೂ ಕಡಿಮೆ ಮಾಡುವುದಿಲ್ಲ.

ನನ್ನ ನೆನಪಿನಲ್ಲಿ ಚೆಂಡು ನಮ್ಮಿಬ್ಬರ ಕಾಲುಗಳ ನಡುವೆ ಇತ್ತು. ವಿಡಿಯೋವನ್ನು ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆನೋ. ನಾನು ನೆಲ ಬಿಟ್ಟೇಳುವಾಗ ಅಲ್ಲಿ ಚೆಂಡೇ ಇಲ್ಲ. ಅದು ಅಷ್ಟರಲ್ಲೇ ನಿನ್ನ ಬಲಗಾಲಿನಿಂದ ಹೊರಟುಹೋಗಿದೆ. ಗ್ರೂಪಿನಲ್ಲಿ ಯಾರೂ ಅದನ್ನು ಗಮನಿಸಿಲ್ಲ, ಎಲ್ಲರೂ ನಿನ್ನ ಕಾಲನ್ನೇ ನೋಡುತ್ತಾರೆ. ಮರದ ಗಾರ್ಡ್ ಕೈ ಕೊಟ್ಟಿತು ಎಂದು ಬರೆಯುತ್ತಾರೆ. ನೀನು ಒಂದೇ ಸಾಲು ಬರೆದೆ, ಇದರ ಸುದ್ದಿ ಅಬ್ಬಾಗೆ ಹೇಳಬೇಡಿ ಎಂದು.

ನಿನ್ನನ್ನು ಬೆಂಗಳೂರಿಗೆ ಒಯ್ದ ಮೇಲೆ, ಸೋಮವಾರ ಸಂಜೆ, ಚಾಚಾ ಆಸ್ಪತ್ರೆಯಿಂದ ಅಂಗಡಿಗೆ ಬಂದರು. ಮೈದಾನದಿಂದ ಯಾರೋ ತಂದಿಟ್ಟಿದ್ದ ಗಾರ್ಡಿನ ಎರಡು ಚೂರು ಅವರ ಕೈಯಲ್ಲಿದ್ದವು. ಒಡೆದ ಅಂಚನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬೆಲ್ಟು ನೀನಲ್ವಾ ಮಗಾ ಹಾಕಿದ್ದು? ಬಿರುಕು ಏನಾರ ನೋಡಿದ್ಯಾ?"

"ಇಲ್ಲ ಚಾಚಾ," ಎಂದೆ. "ನಾನ್ ನೋಡ್ನಿಲ್ಲ."

ಅವರು ಇನ್ನೊಮ್ಮೆ ಕೇಳಲಿಲ್ಲ. ಮೂಲೆಯಿಂದ ಕೊಡಲಿ ತೆಗೆದುಕೊಂಡರು. ನನಗೇ ಹೊಡೆಯುತ್ತಾರೆ ಎಂದುಕೊಂಡು ಗೋಡೆಗೆ ಒರಗಿದೆ. ಅವರು ಲೇತಿಗೆ ಹೊಡೆದರು. ಅವರಪ್ಪನ ಕಾಲದ ಲೇತು. ಮೊದಲ ಏಟಿಗೆ ಚೌಕಟ್ಟು ಬಿರಿಯಿತು, ಎರಡನೆಯದಕ್ಕೆ ಚಕ್ರ ಕಳಚಿ ಬಿತ್ತು. ಒಣಗಲು ಜೋಡಿಸಿದ್ದ ಆಲೆಮರದ ತುಂಡುಗಳ ಮೇಲೆ, ಬಣ್ಣದ ಡಬ್ಬಗಳ ಮೇಲೆ, ಬಾಕ್ಸಿಗೆ ಹಾಕಿಟ್ಟಿದ್ದ ಕುದುರೆಗಳ ಮೇಲೆ ಬೀಸಿದರು. ಕೊಡಲಿ ಒಮ್ಮೆ ಜಾರಿ ಅವರ ಎಡ ಮುಂಗೈಯನ್ನೇ ಸೀಳಿತು. ನಿಲ್ಲಿಸಲಿಲ್ಲ. ಮರದ ಹೊಟ್ಟು ಕೆಂಪಾಗಿ ಅವರ ಕಾಲಿಗೆ ಅಂಟಿತು. "ನನ್ ಕಣ್ಣು ಸಾಯ್ಲಿ, ನನ್ ಕೈ ಸಾಯ್ಲಿ" ಎನ್ನುತ್ತಿದ್ದರು. ನಾನು ಗೋಡೆಗೆ ಒರಗಿಯೇ ಇದ್ದೆ. ಒಂದು ಮಾತು ಹೇಳಿದ್ದರೆ ಆ ಕೈ ನಿಲ್ಲುತ್ತಿತ್ತು.

ಆ ಜಾಗ ನನಗೆ ಸಿಕ್ಕಿತು.

ಆಮೇಲಿನ ಹದಿನಾಲ್ಕು ಸೀಸನ್‌ಗಳನ್ನು ನೀನು ದೂರದಿಂದ ನೋಡಿದ್ದೀಯ. ಒಂಬತ್ತು ಕ್ಲಬ್. ಬಿ ಡಿವಿಷನ್, ಎರಡು ವರ್ಷ ಎ ಡಿವಿಷನ್, ಮತ್ತೆ ಬಿ, ಕೊನೆಗೆ ಸಿ. ಅದರಾಚೆ ಯಾರೂ ಕರೆಯಲಿಲ್ಲ. ಕರೆಯುವಂಥದ್ದೇನೂ ನನ್ನ ಕಾಲಲ್ಲಿರಲಿಲ್ಲ. ನನ್ನನ್ನು ಒಂದೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಎದುರು ತಂಡದ ಚೆನ್ನಾಗಿ ಆಡುವ ಹುಡುಗನನ್ನು ತೋರಿಸಿ, ಅವನನ್ನು ಒಸಿ ನೋಡ್ಕೋ ಎನ್ನುತ್ತಿದ್ದರು. ನೋಡಿಕೊಳ್ಳುತ್ತಿದ್ದೆ. ಸೊಪ್ಪು ಕೊಯ್ಯುವ ಊರಿನವನೆಂದು ಯಾರೋ ಕುಡ್ಲು ಕುಮಾರ ಎಂದು ಹೆಸರಿಟ್ಟರು, ಕುಡುಗೋಲಿನ ಹಾಗೆ ಬುಡಕ್ಕೇ ಹಾಕುತ್ತಾನೆಂದು. ಆ ಹೆಸರು ನನಗೆ ಇಷ್ಟವಾಗಿತ್ತು. ಒಬ್ಬನ ಕೊರಳೆಲುಬು ಮುರಿದಿದ್ದೇನೆ. ಒಬ್ಬನ ಮಂಡಿ ತಿರುಚಿದ್ದೇನೆ, ಅವನು ಮತ್ತೆ ಆಡಿದನೋ ಇಲ್ಲವೋ ವಿಚಾರಿಸಲಿಲ್ಲ. ಮಾಗಡಿಯಲ್ಲಿ ಒಂದು ಪಂದ್ಯದ ಮಧ್ಯೆ ಜನ ಒಳಗೆ ನುಗ್ಗಿ ನನ್ನನ್ನು ಕೆಡವಿ ತುಳಿದರು. ಮೂಗು ಚಪ್ಪಟೆಯಾಯಿತು, ಮುಂದಿನ ಎರಡು ಹಲ್ಲು ಅಲ್ಲೇ ಹುಲ್ಲಿನಲ್ಲಿ ಉಳಿದವು. ಬೀಳುತ್ತಿದ್ದ ಒಂದೊಂದು ಒದೆಗೂ ನನಗೆ ಸಮಾಧಾನ, ಸಲ್ಲಬೇಕಾದದ್ದು ಸಲ್ಲುತ್ತಿದೆ ಎಂದು. ಅದೂ ಸುಳ್ಳು ಸಮಾಧಾನ. ಅವರು ಹೊಡೆದದ್ದು ಅವರ ಹುಡುಗನಿಗಾಗಿ. ನಿನಗಾಗಿ ಯಾರೂ ನನ್ನನ್ನು ಹೊಡೆದಿಲ್ಲ.

ನೀನು ಆಸ್ಪತ್ರೆಯಲ್ಲಿ ಮೂರು ಸಲ ಕುಯ್ಯಿಸಿಕೊಂಡೆ. ಕೀವು ನಿಲ್ಲಲಿಲ್ಲ. ಒಳಗಿದ್ದ ಮರದ ಚೂರುಗಳನ್ನು ತೆಗೆದಷ್ಟೂ ಇನ್ನೊಂದು ಸಿಗುತ್ತಿತ್ತು. ಕಾಲು ಉಳಿಯಿತು, ಎರಡು ಬೆರಳಿನಷ್ಟು ಗಿಡ್ಡವಾಗಿ. ನನ್ನ ಮದುವೆಗೆ ಬಂದು ಆ ಕಾಲೆಳೆಯುತ್ತಲೇ ಊಟ ಬಡಿಸಿದೆ. "ನಿನ್ ಕಾಲೇ ಗಟ್ಟಿ ಕಣ್ಲಾ, ನಮ್ಮಬ್ಬಾನ ಮರಾನೇ ಸೋಲಿಸ್ತು" ಎಂದು ನನ್ನ ಹೆಂಡತಿಯ ಮುಂದೆ ನಕ್ಕೆ. ನಾನೂ ನಕ್ಕೆ.

ಈಗ ನಾನು ಮರಳವಾಡಿ ಹತ್ತಿರದ ಒಂದು ಶಾಲೆಯಲ್ಲಿ ಪಿಟಿ ಮೇಷ್ಟ್ರು. ವಿಡಿಯೋ ನೋಡಿದ ಮೇಲೆ ಎರಡು ವಾರ ತಡೆದು, ಕಳೆದ ಭಾನುವಾರ ಬೆಳಿಗ್ಗೆ ಚನ್ನಪಟ್ಟಣಕ್ಕೆ ಬಂದೆ. ಎಲ್ಲ ಹೇಳಿಬಿಡಬೇಕೆಂದೇ ಬಂದೆ. ನೀನು ಹೆದ್ದಾರಿಯ ಅಂಗಡಿಗೆ ಮಾಲು ಕೊಡಲು ಹೋಗಿದ್ದೆ. ಚಾಚಾ ಒಬ್ಬರೇ ಜಗುಲಿಯ ಮೇಲೆ ಕೂತಿದ್ದರು. ಕಣ್ಣಿಗೆ ಪೂರ್ತಿ ಪೊರೆ ಬಂದಿದೆ. ಬೇರೆಯವರು ಮಾಡಿದ ಬೊಂಬೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಿದ್ದರು. ನಾನು ಚಾಚಾ ಎಂದೊಡನೆ ದನಿ ಗುರುತಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಚಹಾ ತರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು.

"ನೀನ್ ಯಾಕ್ ಬಂದೀಯ ಗೊತ್ತು. ಅರಗು ನೀನೇ ತುಂಬಿದ್ದು ಅಂತ ನಂಗೆ ಅವತ್ತೇ ಗೊತ್ತಾಯ್ತು, ಬೇಟಾ. ಒಡೆದಿರೋ ಜಾಗ ಒಳಗ್ಲಿಂದ್ಲೂ ಹಸ್ರಾಗಿತ್ತು."

ಹೌದು. ಅರಗು ಇರಬೇಕಾದದ್ದು ಮೇಲೆ ಮಾತ್ರ. ಮುರಿದ ಅಂಚಿನಲ್ಲಿ ಹಸಿರು ಕಂಡರೆ ಯಾರೋ ಬಿರುಕಿಗೆ ತುಂಬಿದ್ದಾರೆ ಎಂದೇ ಅರ್ಥ. ಮೂವತ್ತು ವರ್ಷ ಅದನ್ನೇ ಹಿಡಿದವರಿಗೆ ನಾನು ನೋಡಲಿಲ್ಲ ಎಂದು ಹೇಳಿದ್ದೆ. ಬಿರುಕು ಹಳೆಯದು, ತಮ್ಮ ಕಣ್ಣಿಗೆ ಬೀಳದೆ ಹೋಯಿತು, ಅದು ತಮ್ಮ ಒಂದು ತಪ್ಪು ಎಂದು ಚಾಚಾ ಹೇಳುತ್ತಿದ್ದರು. ಇನ್ನೊಂದು ತಪ್ಪೂ ಇತ್ತು.

"ನಿನ್ ಕೆನ್ನೆಗೆ ಹೊಡ್ದಿದ್ನಲ್ಲ. ನೀನ್ ಬಿರುಕು ತೋರ್ಸಿದ್ರೆ ಇನ್ನೊಂದ್ ಕೊಡ್ತೀನಿ ಅಂತ ಹೆದ್ರಿಕೊಂಡೆ. ಹೆದ್ರಿಕೇಗೆ ಮುಚ್ಚಾಕ್ದೆ. ಹೊಡೆದ ಕೈ ನಂದು, ತಪ್ಪೂ ನಂದು. ಸಾದಿಕ್‌ಗೆ ಹೇಳಿಲ್ಲ, ನಿಮ್ ದೋಸ್ತಿ ಕೆಡ್ತದೆ ಅಂತ. ನೀನೂ ಮನ್ಸಿಂದ ತೆಗ್ದಾಕ್ಬುಡು."

ನನ್ನ ಮೊದಲನೆಯ ಉತ್ತರ, ನಾನು ಹದಿನೇಳು ವರ್ಷ ಉಜ್ಜಿ ಹೊಳಪು ಮಾಡಿಟ್ಟಿದ್ದ ಅದೇ ಉತ್ತರ, ಅವರ ಬಾಯಿಂದ ಬಂತು. ನಾನು ಕೇಳದೆಯೇ ಕೊಟ್ಟರು. ಎಡ ಮುಂಗೈಯ ಮೇಲೆ ಕೊಡಲಿಯ ಗಾಯದ ಗೆರೆ ಇನ್ನೂ ಇತ್ತು. ಆ ಕೈಯನ್ನು ನನ್ನ ತಲೆಯ ಮೇಲಿಟ್ಟರು.

ಮತ್ತೆ — ಸಾದಿಕ್, ಇದನ್ನು ಬರೆಯುವುದು ಕಾಲು ಮುರಿದದ್ದನ್ನು ಬರೆಯುವುದಕ್ಕಿಂತ ಕಷ್ಟ — ನಾನು ಸುಮ್ಮನಿದ್ದೆ. ತಲೆ ಬಾಗಿಸಿ ಆ ಕೈಯ ಆಶೀರ್ವಾದ ತೆಗೆದುಕೊಂಡೆ. ಚಹಾ ಕುಡಿದೆ. ಎರಡು ಬಿಸ್ಕತ್ತನ್ನೂ ತಿಂದೆ. ಹುಡುಗನಾಗಿ ಮಾಡಿದ ತಪ್ಪು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಕಳೆದ ಭಾನುವಾರ ನನಗೆ ಮೂವತ್ತೆಂಟು ವರ್ಷ. ಕುರುಡರಾದ ಮುದುಕರೊಬ್ಬರು ನಾನು ಮಾಡಿದ್ದಕ್ಕಿಂತ ಸಣ್ಣದೊಂದನ್ನು ಕ್ಷಮಿಸಿದರು. ದೊಡ್ಡದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ನಾನು ಆ ಕ್ಷಮೆಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಅವರ ಪೆಟ್ಟಿಗೆ ಹೆದರಿ ನಾನು ಅರಗು ತುಂಬಲಿಲ್ಲ. ಅವರ ಮರದಿಂದ ನಿನ್ನ ಕಾಲು ಮುರಿಯಲಿಲ್ಲ. ಅವರ ಕಣ್ಣಿನದಾಗಲಿ ಕೈಯದಾಗಲಿ ಅದರಲ್ಲಿ ಏನೂ ಇಲ್ಲ. ಒಡೆದ ಲೇತು ಒಡೆಯಬೇಕಾಗಿರಲಿಲ್ಲ.

ಈ ಹಾಳೆಗಳನ್ನು ಮೊದಲು ನಿನಗೆ ಕಳುಹಿಸುತ್ತಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಲ್ಲುತ್ತೇನೆ. ಕೊಡಲಿ ತೆಗೆದುಕೊಂಡರೆ ಈ ಸಲ ಗೋಡೆಗೆ ಒರಗುವುದಿಲ್ಲ. ಆದರೆ ಅದಕ್ಕೆ ಮೊದಲು ಚಾಚಾನ ಹತ್ತಿರ ನನ್ನನ್ನು ಒಂದು ನಿಮಿಷ ಬಿಡು. ಅವರು ನನ್ನ ತಲೆಯ ಮೇಲೆ ಮತ್ತೆ ಕೈ ಇಡುವ ಮೊದಲು ನಾನು ಹೇಳಬೇಕಾದದ್ದು ಎರಡೇ ಮಾತು. ಹದಿನೇಳು ವರ್ಷದ ಹಿಂದೆ ಇಲ್ಲ ಎಂದ ಅದೇ ಬಾಯಿಂದ, ಅದೇ ಜಾಗದಲ್ಲಿ ನಿಂತು:

"ಹೆದ್ರಿಕೇಗಲ್ಲ, ಚಾಚಾ."